ಹಳೆಯ ಪಿಕಪ್: ಪಾರ್ಟು ಬದಲಿಸುವ ಮೊದಲು ಅಳೆದು ನೋಡಿ

ಮಾನ್ಯ ಸಂಪಾದಕರೇ,

ವಾಹನಗಳ ಪುಟದಲ್ಲಿ ಹೊಸ ಮಾದರಿಗಳ ಪರಿಚಯಕ್ಕೆ ಎಂದೂ ಕೊರತೆಯಿಲ್ಲ. ಹದಿನೈದು ಇಪ್ಪತ್ತು ವರ್ಷ ದುಡಿದ ಪಿಕಪ್ ಇಟ್ಟುಕೊಂಡು, ಅದರ ರಿಪೇರಿಯನ್ನು ತಾವೇ ಮಾಡಿಕೊಳ್ಳುವವರಿಗೆ ಮಾತ್ರ ಓದಲು ಸಿಗುವುದು ತೀರ ಕಡಿಮೆ. ಅಂಥವರಲ್ಲಿ ಪದೇ ಪದೇ ಕಾಣುವ ಒಂದು ತಪ್ಪಿನ ಬಗ್ಗೆ ಈ ಪತ್ರ. ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ, ಬಿಸಿಯಾದರೆ ರೇಡಿಯೇಟರ್, ಬ್ರೇಕ್ ಹಿಡಿಯದಿದ್ದರೆ ಬ್ರೇಕ್ ಶೂ ಎಂದು ಸೀದಾ ಪಾರ್ಟು ತಂದು ಹಾಕಿಬಿಡುತ್ತಾರೆ. ಹಳೆಯ ಗಾಡಿಯಲ್ಲಿ ತೊಂದರೆ ಕಾಣಿಸುವ ಜಾಗ ಒಂದಾದರೆ, ಅದರ ಕಾರಣ ಇರುವ ಜಾಗ ಬಹಳಷ್ಟು ಸಲ ಬೇರೆಯೇ ಆಗಿರುತ್ತದೆ. ಕಾರಣ ಹುಡುಕದೆ ಹಾಕಿದ ಹೊಸ ಪಾರ್ಟು ಕೆಲವೇ ತಿಂಗಳಲ್ಲಿ ಹಳೆಯದರ ದಾರಿ ಹಿಡಿಯುತ್ತದೆ.

ಸ್ಟಾರ್ಟಿಂಗ್ ತೊಂದರೆಯನ್ನೇ ತೆಗೆದುಕೊಳ್ಳಿ. ಸೆಲ್ಫ್ ಮೋಟರ್ ನಿಧಾನವಾಗಿ ತಿರುಗುತ್ತಿದ್ದರೆ ಪಾನಾ ಹಿಡಿಯುವ ಮೊದಲು ಒಂದು ಸಾಧಾರಣ ಮಲ್ಟಿಮೀಟರ್ ಹಿಡಿಯಿರಿ. ಕೆಲವು ಗಂಟೆ ಸುಮ್ಮನೆ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2ಕ್ಕೆ ಇಳಿದಿದ್ದರೆ ಅರ್ಧ ಉಳಿದಿದೆ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ, ಉಳಿದ ಪರೀಕ್ಷೆ ಆಮೇಲೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು. ಬೀಳದಿದ್ದರೂ ಮೋಟರ್ ಎಳೆಯುತ್ತಿಲ್ಲವೆಂದರೆ ಅರ್ತ್, ಅಂದರೆ ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ ಮತ್ತು ಚಾಸಿಗೆ ಇರುವ ಸಂಪರ್ಕ, ನೋಡಬೇಕು. ಮೀಟರಿನ ಕಪ್ಪು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಸೀಸದ ಗೂಟದ ಮೇಲೇ ಇಡಿ, ಕ್ಲಾಂಪಿನ ಮೇಲೆ ಬೇಡ. ಕೆಂಪು ಮೊನೆಯನ್ನು ಎಂಜಿನ್ ಬ್ಲಾಕಿನಲ್ಲಿ ಬಣ್ಣವಿಲ್ಲದ ಕಡೆ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಎಂಜಿನ್ ಹತ್ತಿಕೊಳ್ಳದಂತೆ ಡೀಸೆಲ್ ಪಂಪಿನ ಸ್ಟಾಪ್ ಸೊಲೆನಾಯ್ಡ್ ವೈರ್ ಮೊದಲೇ ತೆಗೆದಿರಿ. ಮೀಟರ್ 0.2 ವೋಲ್ಟ್ ಒಳಗೆ ಇದ್ದರೆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಅಲ್ಲೇ ಇದ್ದಾನೆ. ಸೆಲ್ಫ್ ಮೋಟರ್ 200 ಆಂಪಿಯರ್ ಎಳೆಯುವಾಗ ದಾರಿಯಲ್ಲಿ 0.005 ಓಮ್ ತಡೆ ಇದ್ದರೂ ಒಂದು ಪೂರ್ತಿ ವೋಲ್ಟ್ ಅಲ್ಲೇ ಕರಗುತ್ತದೆ. ಅಷ್ಟು ತಡೆಗೆ ಬೋಲ್ಟಿನ ಕೆಳಗೆ ಕೂತ ತುಕ್ಕಿನ ಪದರ ಸಾಕು.

ಎಂಜಿನ್ನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯನ್ನು ಬಿಚ್ಚಿ, ಎರಡೂ ತುದಿ ಕೂರುವ ಜಾಗವನ್ನು ಹೊಳೆಯುವ ಲೋಹ ಕಾಣುವವರೆಗೆ ಎಮರಿ ಕಾಗದದಿಂದ ತಿಕ್ಕಿ, ಬಿಗಿ ಮಾಡಿ, ಆಮೇಲೆ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಈ ಪಟ್ಟಿ ತುಂಡಾಗಿರುವ ಗಾಡಿಗಳಲ್ಲಿ ಕರೆಂಟು ಆಕ್ಸಿಲರೇಟರ್ ಕೇಬಲ್ ಅಥವಾ ಕ್ಲಚ್ ಕೇಬಲ್ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಕೇಬಲ್ ಬಿಸಿಯಾಗಿ ಒಳಗಿನ ಪ್ಲಾಸ್ಟಿಕ್ ಕರಗಿ ಹಿಡಿದುಕೊಳ್ಳುತ್ತದೆ. ಹೊಸ ಕೇಬಲ್ ಎರಡೆರಡು ಸಲ ಹಾಕಿದರೂ ಬಿಗಿಯಾಗುತ್ತಿದ್ದರೆ ಕೇಬಲ್ಲನ್ನು ಬೈಯುವುದು ಬಿಟ್ಟು ಅರ್ತ್ ಪಟ್ಟಿ ನೋಡಿ. ಎಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಹಾಕಿ ಸ್ವಲ್ಪ ರೇಸ್ ಕೊಟ್ಟಾಗ, ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಕಡಿಮೆ ಇದ್ದರೆ ಆಲ್ಟರ್ನೇಟರ್ ಬಿಚ್ಚುವ ಮೊದಲು ಬೆಲ್ಟಿನ ಬಿಗಿ ಪರೀಕ್ಷಿಸಿ.

ಬಿಸಿಯಾಗುವ ಗಾಡಿಯಲ್ಲಿ ಎಲ್ಲರ ಕಣ್ಣು ಹೋಗುವುದು ರೇಡಿಯೇಟರಿನ ಮೇಲೆ, ನೋಡಬೇಕಾದ್ದು ಅದರ ಮುಚ್ಚಳವನ್ನು. ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಅಚ್ಚಾಗಿರುತ್ತದೆ. ಅದು ಬಾರ್ ಲೆಕ್ಕದಲ್ಲಿ ಒತ್ತಡ. ಸಾಮಾನ್ಯವಾಗಿ 100 ಡಿಗ್ರಿಗೆ ಕುದಿಯುವ ನೀರು, 1 ಬಾರ್ ಹೆಚ್ಚು ಒತ್ತಡ ಸಿಕ್ಕರೆ ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳದ ರಬ್ಬರ್ ಗಟ್ಟಿಯಾಗಿ ಸೀಳಿದ್ದರೆ ಈ ಲಾಭ ಪೂರ್ತಿ ಹೋಯಿತು, ಏರು ರಸ್ತೆಯಲ್ಲಿ ಭಾರ ಎಳೆಯುವಾಗ ನೀರು ಉಕ್ಕುತ್ತದೆ. ಮುಚ್ಚಳದ ನಡುವೆ ಇನ್ನೊಂದು ಪುಟ್ಟ ವಾಲ್ವ್ ಇದೆ. ಎಂಜಿನ್ ತಣಿಯುವಾಗ ಹೊರಗಿನ ಡಬ್ಬಿಯಿಂದ ಕೂಲಂಟ್ ವಾಪಸ್ ಎಳೆದುಕೊಳ್ಳುವುದು ಇದರ ಕೆಲಸ. ರಾತ್ರಿ ಕಳೆದ ಮೇಲೆ ಮೇಲಿನ ಹೋಸ್ ಪೈಪ್ ಚಪ್ಪಟೆಯಾಗಿ ಒಳಗೆ ಕುಸಿದಿದ್ದರೆ ಆ ವಾಲ್ವ್ ಹಿಡಿದುಕೊಂಡಿದೆ ಎಂದು ತಿಳಿಯಬೇಕು. ಹೊಸ ಹೋಸ್ ಹಾಕಿದರೆ ಅದೂ ಕುಸಿಯುತ್ತದೆ. ಎಂಜಿನ್ ಬಿಸಿ ಇರುವಾಗ ಯಾವ ಕಾರಣಕ್ಕೂ ಮುಚ್ಚಳ ತಿರುಗಿಸಬೇಡಿ. ಒತ್ತಡ ಇಳಿದ ಕ್ಷಣವೇ ಒಳಗಿನ ದ್ರವ ಕುದಿದು ಮುಖಕ್ಕೆ ಎರಚುತ್ತದೆ.

ಬಿಸಿಯಾಗುತ್ತಿದೆ ಎಂದು ಥರ್ಮೋಸ್ಟಾಟನ್ನೇ (ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ತೆಗೆದು ಬಿಸಾಡುವ ಅಭ್ಯಾಸ ಇನ್ನೂ ಹೋಗಿಲ್ಲ. ಇದನ್ನು ಗಟ್ಟಿಯಾಗಿ ವಿರೋಧಿಸಬೇಕಾಗಿದೆ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಸರಿಯಾದ ಶಾಖಕ್ಕೆ ಬರುವುದೇ ಇಲ್ಲ. ಡೀಸೆಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರಿನ ಒಳಗೋಡೆಯಾದ ಲೈನರ್ ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟಿನ ಹಿಂಭಾಗದ ತಟ್ಟೆಯೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಅರ್ಧ ನೀರು ರೇಡಿಯೇಟರಿಗೆ ಹೋಗದೆ ಸುತ್ತು ಹಾಕಿ ಎಂಜಿನ್ನಿಗೇ ಮರಳುತ್ತದೆ, ಗಾಡಿ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ. ಪರೀಕ್ಷೆ ಸುಲಭ: ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ತಳಕ್ಕೆ ತಾಗದಂತೆ ತೂಗುಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ. 82 ಎಂದು ಅಚ್ಚಿದ್ದರೆ ಆ ಶಾಖದ ಆಸುಪಾಸಿನಲ್ಲಿ ಬಾಯಿ ಬಿಡಲು ಶುರುಮಾಡಿ, ನೀರು ಕುದಿಯುವ ಹೊತ್ತಿಗೆ ಚೆನ್ನಾಗಿ ತೆರೆದಿರಬೇಕು. ಕೂರಿಸುವಾಗ ಅದರ ಅಂಚಿನ ಸಣ್ಣ ರಂಧ್ರ ಮೇಲಕ್ಕೆ ಬರಲಿ, ಗಾಳಿ ಹೊರಹೋಗುವುದು ಅಲ್ಲಿಂದಲೇ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಅಥವಾ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿದಾಗ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ, ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧಕ್ಕರ್ಧ ಬೆರೆಸಿ. ಗಡಸು ನೀರು ಬಿಡುವ ಸುಣ್ಣದಂಥ ಪದರ ರೇಡಿಯೇಟರಿನ ಕೊಳವೆಗಳನ್ನು ಒಳಗಿನಿಂದ ಮುಚ್ಚುತ್ತ ಬರುತ್ತದೆ.

ಗಾಡಿಯ ಕೆಳಗೆ ಇಳಿಯುವ ಮೊದಲು ಜಾಕಿನ ಮಾತು. ಬಹುತೇಕ ಪಿಕಪ್‌ಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಹಿಂಭಾಗ ಎತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದಂತೆ. ಮುಂದಿನ ಎರಡೂ ಚಕ್ರಗಳಿಗೆ ಎರಡೂ ಕಡೆಯಿಂದ ಅಡೆ ಕೊಡದೆ ಜಾಕ್ ಹಚ್ಚಲೇಬಾರದು. ಜಾಕ್ ಇರುವುದು ಎತ್ತುವುದಕ್ಕೆ. ಹೊತ್ತು ನಿಲ್ಲಲು ಸ್ಟ್ಯಾಂಡ್ ಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಒಂದೇ ಪೆಟ್ಟಿಗೆ ಪುಡಿಯಾಗುತ್ತವೆ. ನೆಲ ಮೆತ್ತಗಿದ್ದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಿ, ಗಾಡಿಯನ್ನು ಪಕ್ಕದಿಂದ ಜೋರಾಗಿ ಅಲುಗಾಡಿಸಿ ನೋಡಿದ ನಂತರವೇ ಕೆಳಗೆ ಹೋಗಿ.

ಹಿಂದಿನ ಒಂದು ಬ್ರೇಕ್ ಡ್ರಮ್ ಒಳಗೆ ಎಣ್ಣೆ ಒಸರುವುದು ಹಳೆಯ ಪಿಕಪ್‌ಗಳ ಖಾಯಂ ಕಾಯಿಲೆ. ಆಕ್ಸಲ್ ಸೀಲ್ ಬದಲಿಸುತ್ತಾರೆ, ಶೂ ಬದಲಿಸುತ್ತಾರೆ, ಸ್ವಲ್ಪ ದಿನಕ್ಕೆ ಮತ್ತೆ ಒದ್ದೆ. ಹಿಂದಿನ ಆಕ್ಸಲ್ ಹೌಸಿಂಗಿನ ಮೇಲ್ಭಾಗದಲ್ಲಿ ಬೆರಳಿನ ತುದಿಯಷ್ಟು ದೊಡ್ಡ ಒಂದು ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ದಾರಿ) ಇರುತ್ತದೆ, ಕೆಲವದರಲ್ಲಿ ಅದಕ್ಕೆ ಸಣ್ಣ ರಬ್ಬರ್ ಪೈಪ್ ಹಚ್ಚಿ ಮೇಲಕ್ಕೆ ಒಯ್ದಿರುತ್ತಾರೆ. ವರ್ಷಗಟ್ಟಲೆ ಕೆಸರು ಮೆತ್ತಿ ಒಣಗಿ, ಅಲ್ಲೊಂದು ಬ್ರೀದರ್ ಇದೆ ಎಂದೇ ಗೊತ್ತಾಗದಂತೆ ಮುಚ್ಚಿಹೋಗಿರುತ್ತದೆ. ಗಾಡಿ ದೂರ ಓಡಿದಾಗ ಹೌಸಿಂಗ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಹೋಗಲು ದಾರಿ ಇಲ್ಲದ ಆ ಗಾಳಿ ಎಣ್ಣೆಯನ್ನು ಸೀಲಿನ ತುಟಿ ದಾಟಿಸಿ ಡ್ರಮ್ಮಿಗೆ ತಳ್ಳುತ್ತದೆ. ತಂತಿ ಬ್ರಷ್‌ನಿಂದ ಕೆಸರು ಕೆರೆದು, ಬ್ರೀದರ್ ಬಿಚ್ಚಿ ಬಾಯಿಂದ ಊದಿ ನೋಡಿ. ಗಾಳಿ ಸಲೀಸಾಗಿ ಹೋಗಬೇಕು. ಹೊಸ ಸೀಲ್ ಹಾಕುವುದು ಇದಾದ ಮೇಲೆ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಅಥವಾ ಸುಟ್ಟು ಮತ್ತೆ ಹಾಕುವವರಿದ್ದಾರೆ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ, ಬ್ರೇಕ್ ಒಂದು ಕಡೆ ಎಳೆಯುತ್ತದೆ. ಎರಡೂ ಬದಿಯ ಶೂ ಒಟ್ಟಿಗೆ ಬದಲಿಸುವುದೊಂದೇ ದಾರಿ.

ಆಕ್ಸಲ್ ಎಣ್ಣೆ ಬದಲಿಸುವಾಗ ಮೇಲಿನ ಫಿಲ್ಲರ್ ಪ್ಲಗ್ ಮೊದಲು ಬಿಚ್ಚಿ, ಡ್ರೈನ್ ಪ್ಲಗ್ ಆಮೇಲೆ. ಎಣ್ಣೆಯನ್ನೆಲ್ಲ ಇಳಿಸಿದ ನಂತರ ಫಿಲ್ಲರ್ ಪ್ಲಗ್ ತುಕ್ಕು ಹಿಡಿದು ಬರದಿದ್ದರೆ ಗಾಡಿ ಅಲ್ಲೇ ನಿಂತಂತೆ. ಎಣ್ಣೆ ಫಿಲ್ಲರ್ ರಂಧ್ರದ ಕೆಳ ಅಂಚಿಗೆ ಬಂದು ಹೊರಚೆಲ್ಲಲು ಶುರುವಾದರೆ ಮಟ್ಟ ಸರಿ. ಹಿಂದಿನ ಆಕ್ಸಲ್ಲಿಗೆ ಹಾಕುವ ಜಿಎಲ್-5 ದರ್ಜೆಯ ಗೇರ್ ಎಣ್ಣೆಯನ್ನೇ ಗೇರ್‌ಬಾಕ್ಸಿಗೂ ಹಾಕುವವರಿಗೆ ಒಂದು ಎಚ್ಚರಿಕೆ: ಅದರಲ್ಲಿರುವ ಗಂಧಕ ಬೆರೆತ ರಾಸಾಯನಿಕಗಳು ಗೇರ್ ಸಲೀಸಾಗಿ ಬೀಳಿಸುವ ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೊ ರಿಂಗುಗಳನ್ನು ತಿನ್ನಬಲ್ಲವು. ಮ್ಯಾನ್ಯುಯಲ್ ಜಿಎಲ್-4 ಎಂದಿದ್ದರೆ ಜಿಎಲ್-4 ಮಾತ್ರ.

ಬ್ರೇಕ್ ಡ್ರಮ್ ತೆಗೆದಾಗ ಸಿಗುವ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಸೋಪಿನ ನೀರಿನಲ್ಲಿ ಒದ್ದೆ ಮಾಡಿ ಬಟ್ಟೆಯಿಂದ ಒರೆಸಿ ತೆಗೆಯಿರಿ. ಎರಡೂ ಬದಿಯನ್ನು ಒಮ್ಮೆಗೇ ಬಿಚ್ಚಿ ಹರಡಿಕೊಳ್ಳಬಾರದು. ಒಂದು ಬದಿ ಮುಗಿಯುವವರೆಗೆ ಇನ್ನೊಂದು ಬದಿ ನೋಡಿ ಜೋಡಿಸಲು ಮಾದರಿಯಾಗಿರಲಿ. ಶೂ ಮತ್ತು ಡ್ರಮ್ ನಡುವಿನ ಅಂತರ ಹೊಂದಿಸುವ ಅಡ್ಜಸ್ಟರ್ ಸ್ಕ್ರೂಗಳಲ್ಲಿ ಸಾಮಾನ್ಯವಾಗಿ ಒಂದು ಬದಿಯದು ಬಲಮರೆ, ಇನ್ನೊಂದರದು ಎಡಮರೆ. ಅದಲುಬದಲಾದರೆ ತಾನಾಗಿ ಬಿಗಿಯಾಗಬೇಕಾದ ಬ್ರೇಕ್ ಸಡಿಲವಾಗುತ್ತ ಹೋಗುತ್ತದೆ. ಡ್ರಮ್ಮಿನ ಮೇಲೆ ಗರಿಷ್ಠ ವ್ಯಾಸ ಅಚ್ಚಾಗಿರುತ್ತದೆ. ಎರಡು ಮೂರು ದಿಕ್ಕಿನಲ್ಲಿ ಅಳೆಯಿರಿ. ಅಂಕಿ ದಾಟಿದ್ದರೆ ಲೇತಿಗೆ ಕೊಡುವ ಮಾತೇ ಇಲ್ಲ, ಡ್ರಮ್ ಬದಲಿಸಬೇಕು. ಮುಂದಿನ ಡಿಸ್ಕ್ ಪ್ಯಾಡಿನಲ್ಲಿ 3 ಮಿ.ಮೀ. ಉಳಿದಿದ್ದರೆ ಬದಲಿಸುವ ಹೊತ್ತು ಬಂದಿದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 205 ಡಿಗ್ರಿ ಇರಬೇಕೆಂಬುದು ನಿಯಮ. ತೇವ ಹೀರಿದ ಮೇಲೆ ಅದೇ ನಿಯಮದ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಭಾರ ಹೊತ್ತು ಇಳಿಜಾರಿನಲ್ಲಿ ಬ್ರೇಕ್ ತುಳಿಯುತ್ತ ಬಂದಾಗ ವೀಲ್ ಸಿಲಿಂಡರಿನಲ್ಲಿ ಆವಿ ಕಟ್ಟಿ ಪೆಡಲ್ ನೆಲಕ್ಕೆ ಹೋಗುವುದು ಹೀಗೆಯೇ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಪೆಡಲ್ ತುಳಿದಾಗ ಎಣ್ಣೆಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ, ಪೈಪಿನೊಳಗೆ ಸೇರಿದ ಏರ್ ತೆಗೆಯಲು ಶುರುಮಾಡುವುದು ವಾಡಿಕೆ, ಮ್ಯಾನ್ಯುಯಲ್ ಬೇರೆ ಕ್ರಮ ಹೇಳಿದ್ದರೆ ಅದೇ ಸರಿ. ಈ ಕೆಲಸದಲ್ಲಿ ಹಳೆಯ ಗಾಡಿಗೆಂದೇ ಎರಡು ಜಾಗ್ರತೆಗಳಿವೆ. ಮೊದಲನೆಯದು, ಪೆಡಲನ್ನು ನೆಲದವರೆಗೆ ತುಳಿಯದಂತೆ ಅದರ ಕೆಳಗೆ ಒಂದು ಮರದ ತುಂಡು ಇಡಿ. ವರ್ಷಗಳಿಂದ ಮಾಸ್ಟರ್ ಸಿಲಿಂಡರಿನ ರಬ್ಬರ್ ಓಡಾಡದ ಕೊನೆಯ ಭಾಗದಲ್ಲಿ ತುಕ್ಕಿನ ಗಂಟು ಕಟ್ಟಿರುತ್ತದೆ, ಅದರ ಮೇಲೆ ಉಜ್ಜಿದ ರಬ್ಬರ್ ಹರಿಯುತ್ತದೆ. ಏರ್ ತೆಗೆದ ಮರುದಿನವೇ ಮಾಸ್ಟರ್ ಸಿಲಿಂಡರ್ ಹೋಯಿತು ಎನ್ನುವವರ ಸಮಸ್ಯೆ ಹೆಚ್ಚಾಗಿ ಇದೇ. ಎರಡನೆಯದು, ಹಲವು ಪಿಕಪ್‌ಗಳ ಹಿಂದಿನ ಆಕ್ಸಲ್‌ನಿಂದ ಒಂದು ಸಣ್ಣ ಕಡ್ಡಿ ಚಾಸಿಯ ಮೇಲಿನ ವಾಲ್ವಿಗೆ ಹೋಗಿರುತ್ತದೆ. ಹೇರಿಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೆಚ್ಚುಕಡಿಮೆ ಮಾಡುವುದು ಅದರ ಕೆಲಸ. ಚಾಸಿ ಎತ್ತಿ ಆಕ್ಸಲ್ ಜೋತುಬಿದ್ದರೆ ಗಾಡಿ ಖಾಲಿಯಿದೆ ಎಂದುಕೊಂಡು ಆ ವಾಲ್ವ್ ಹಿಂದಕ್ಕೆ ಹೋಗುವ ಎಣ್ಣೆಯನ್ನು ತಡೆಯುತ್ತದೆ, ಏರ್ ಪೂರ್ತಿ ಬರುವುದಿಲ್ಲ. ಆದ್ದರಿಂದ ಸ್ಟ್ಯಾಂಡನ್ನು ಆಕ್ಸಲ್ ಕೆಳಗೇ ಕೊಡಿ. ಹೆಚ್ಚು ಹೇರಬೇಕೆಂದು ಲೀಫ್ ಸ್ಪ್ರಿಂಗಿಗೆ ಪ್ಲೇಟು ಸೇರಿಸಿ ಹಿಂಭಾಗ ಎತ್ತರಿಸಿದವರು ಈ ಕಡ್ಡಿಯನ್ನು ಮರುಹೊಂದಿಸದಿದ್ದರೆ, ತುಂಬಿದ ಗಾಡಿಗೂ ಖಾಲಿ ಗಾಡಿಯ ಬ್ರೇಕೇ ಸಿಗುತ್ತದೆ.

ಲೀಫ್ ಸ್ಪ್ರಿಂಗಿನಲ್ಲಿ ಮುರಿದ ಪ್ಲೇಟನ್ನು ಅಡ್ಡಗೆರೆಯಂಥ ತುಕ್ಕಿನ ಗುರುತಿನಿಂದ ಹಿಡಿಯಬಹುದು. ಅದಕ್ಕಿಂತ ಅಪಾಯದ್ದು ಪ್ಲೇಟುಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗುವುದು. ಆಕ್ಸಲ್ ನಿಧಾನವಾಗಿ ಹಿಂದಕ್ಕೋ ಮುಂದಕ್ಕೋ ಜಾರಿ ಗಾಡಿ ಓರೆಯಾಗಿ ಓಡುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನು ಎರಡೂ ಬದಿಯಲ್ಲಿ ಟೇಪು ಹಿಡಿದು ಅಳೆದರೆ ಗೊತ್ತಾಗುತ್ತದೆ. ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟುಗಳನ್ನು ಒಮ್ಮೆ ಬಿಚ್ಚಿದ ಮೇಲೆ ಹೊಸದೇ ಹಾಕಬೇಕು, ಬಿಗಿಯುವಾಗ ಎಳೆದು ಹಿಗ್ಗಿದ ಮರೆ ಎರಡನೇ ಸಲ ಹಿಡಿತ ಕೊಡುವುದಿಲ್ಲ. ಸ್ವಲ್ಪ ದೂರ ಓಡಿಸಿದ ನಂತರ ಅವನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿ ಮಾಡಿ. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ, ರಬ್ಬರ್ ಬುಷ್ ಇರುವ ಶ್ಯಾಕಲ್ ಬೋಲ್ಟುಗಳ ಕೊನೆಯ ಬಿಗಿಯನ್ನು ಗಾಡಿ ಚಕ್ರದ ಮೇಲೆ ನಿಂತಾಗಲೇ ಕೊಡಬೇಕು, ಇಲ್ಲವಾದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಹರಿಯುತ್ತದೆ.

ಗೇರ್ ಹಾಕಿ ಕ್ಲಚ್ ಬಿಟ್ಟಾಗ ಕೆಳಗೆ ಟಕ್ ಎಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ನಾಲ್ಕು ಕೈಗಳ ಕೀಲು) ನೋಡಿ. ಅದರ ತುದಿಗಳ ಬೇರಿಂಗ್ ಕಪ್ಪುಗಳ ಸುತ್ತ ಕೆಂಪು ಪುಡಿ ಕಂಡರೆ ಒಳಗೆ ಗ್ರೀಸ್ ಒಣಗಿ ಸೂಜಿ ರೋಲರುಗಳು ತುಕ್ಕು ಹಿಡಿದಿವೆ. ಗ್ರೀಸ್ ತುಂಬುವ ನಿಪ್ಪಲ್ ಇರುವ ಕ್ರಾಸ್ ಆದರೆ ನಾಲ್ಕೂ ಕಪ್ಪುಗಳಿಂದ ಹೊಸ ಗ್ರೀಸ್ ಹೊರಬರುವವರೆಗೆ ಗನ್ ಒತ್ತಿ. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಮೊದಲು ಸಾಯುವುದು ಆ ಒಂದೇ. ಶಾಫ್ಟ್ ಇಳಿಸುವ ಮುನ್ನ ಎರಡೂ ಫ್ಲೇಂಜುಗಳಿಗೆ ಪಂಚ್ ಗುರುತು ಹಾಕಿ, ಅದೇ ಗುರುತಿಗೆ ಕೂರಿಸಿ. ತಪ್ಪಿದರೆ ವೇಗ ಏರಿದಾಗ ಗಾಡಿ ನಡುಗುತ್ತದೆ.

ಹಳೆಯ ಮಾದರಿಯ ಮೆಕ್ಯಾನಿಕಲ್ ಪಂಪ್ ಇರುವ ಡೀಸೆಲ್ ಎಂಜಿನ್ ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಸಿಕೊಂಡು ಹತ್ತಿದರೆ, ಅಥವಾ ಹತ್ತಿ ಕ್ಷಣದಲ್ಲಿ ನಿಂತರೆ, ಡೀಸೆಲ್ ಲೈನ್ ಏರ್ ಎಳೆಯುತ್ತಿರಬಹುದು. ಟ್ಯಾಂಕಿನಿಂದ ಪಂಪಿನವರೆಗಿನದು ಹೀರುವ ಕಡೆಯಾದ್ದರಿಂದ ಅಲ್ಲಿ ಗಾಳಿ ಒಳಗೆ ಹೋಗುತ್ತದೆ, ಡೀಸೆಲ್ ಹನಿಯುವುದೇ ಕಾಣದಿರಬಹುದು. ಫಿಲ್ಟರ್ ಮತ್ತು ಪಂಪಿನ ನಡುವೆ ಡೀಸೆಲ್ ತಾಳುವ ಪಾರದರ್ಶಕ ಪೈಪಿನ ತುಂಡನ್ನು ತಾತ್ಕಾಲಿಕವಾಗಿ ಹಾಕಿ ಗುಳ್ಳೆ ನೋಡಿ. ಬಂದರೆ ಅದೇ ತುಂಡನ್ನು ಫಿಲ್ಟರಿನ ಹಿಂದಕ್ಕೆ, ಆಮೇಲೆ ಇನ್ನೂ ಹಿಂದಕ್ಕೆ ಒಯ್ಯುತ್ತ ಹೋಗಿ. ಗುಳ್ಳೆ ನಿಂತ ಜಾಗಕ್ಕೂ ಅದರ ಮುಂದಿನ ಜಾಗಕ್ಕೂ ನಡುವೆ ಏರ್ ಹೊಗುತ್ತಿದೆ. ಮತ್ತೆ ಮತ್ತೆ ಬಳಸಿದ ತಾಮ್ರದ ವಾಷರ್, ಕ್ಲಾಂಪಿನಡಿ ಗಟ್ಟಿಯಾದ ರಬ್ಬರ್, ಹಳೆಯ ಸೀಲ್ ತೆಗೆಯದೆ ಅದರ ಮೇಲೆಯೇ ಹೊಸದು ಕೂರಿಸಿದ ಫಿಲ್ಟರ್, ಇವೇ ಸಾಮಾನ್ಯ ಅಪರಾಧಿಗಳು. ಸರಿಪಡಿಸಿದ ಮೇಲೆ ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ, ನೊರೆ ನಿಂತು ಶುದ್ಧ ಡೀಸೆಲ್ ಬರುವವರೆಗೆ ಕೈಪಂಪ್ ಒತ್ತಿ. ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಏರ್ ತೆಗೆಯುವ ರೂಢಿ ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಹೆಚ್ಚು ಒತ್ತಡದ ಕೊಳವೆಯಿಂದ ಡೀಸೆಲ್ ಕೊಡುವ ಕಾಮನ್ ರೈಲ್ ಎಂಜಿನ್ನಿಗೆ ಮಾತ್ರ ಖಂಡಿತ ಬೇಡ. ಅಲ್ಲಿ ಒತ್ತಡ 1000 ಬಾರ್ ದಾಟುತ್ತದೆ, ಕೂದಲೆಳೆಯಷ್ಟು ಸಣ್ಣ ಧಾರೆಯೂ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ನೋವು ಕಡಿಮೆಯಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು.

ತುಕ್ಕು ಹಿಡಿದ ಬೋಲ್ಟಿನ ಬಗ್ಗೆ ಇಷ್ಟು: ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಆರು ಮೂಲೆಯ ಸಾಕೆಟ್ ಬಳಸಿ, ಮೊದಲು ಕೂದಲಷ್ಟು ಬಿಗಿಯುವ ಕಡೆಗೆ ತಿರುಗಿಸಿ ಆಮೇಲೆ ಸಡಿಲಿಸಿ. ಕಿರುಗುಟ್ಟಿದರೆ ನಿಲ್ಲಿಸಿ, ಮತ್ತೆ ಎಣ್ಣೆ ಹಾಕಿ, ಹಿಂದೆ ಮುಂದೆ ಆಡಿಸುತ್ತ ತನ್ನಿ. ಚಕ್ರದ ನಟ್ಟುಗಳಿಗೆ ಮಾತ್ರ ಎಣ್ಣೆ ಸವರಬೇಡಿ. ಎಣ್ಣೆ ಬಿದ್ದ ಮರೆಯಲ್ಲಿ ಅದೇ ಟಾರ್ಕಿಗೆ ಸ್ಟಡ್ ಹೆಚ್ಚು ಎಳೆಸಿಕೊಳ್ಳುತ್ತದೆ. ಚಕ್ರ ಬದಲಿಸಿ 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಆ ನಟ್ಟುಗಳನ್ನು ಇನ್ನೊಮ್ಮೆ ಟಾರ್ಕ್ ರೆಂಚಿನಿಂದ ಪರೀಕ್ಷಿಸಿ.

ಮನೆಯಲ್ಲಿ ಮಾಡಬಾರದ ಕೆಲಸಗಳೂ ಇವೆ. ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಲೋಹ ಕಣಕಣ ಎನ್ನುತ್ತದೆ, ತಿಂದುಹೋದದ್ದು ಮಂಕಾಗಿ ಸದ್ದು ಮಾಡಿ ಹೊಪ್ಪಳೆ ಉದುರಿಸುತ್ತದೆ. ಲೀಫ್ ಸ್ಪ್ರಿಂಗ್ ಹಿಡಿದ ಬ್ರಾಕೆಟ್ಟುಗಳ ಬಳಿ ಹಾಗೆ ಕಂಡರೆ, ಚಾಸಿಯ ವೆಲ್ಡಿಂಗ್ ಬಲ್ಲವರಿಗೇ ಒಪ್ಪಿಸಬೇಕು. ತುಂಬಿದ ಗಾಡಿಯ ಭಾರ ಬೀಳುವ ಜಾಗ ಅದು, ತಪ್ಪು ವೆಲ್ಡಿನ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ. ಇಂಜೆಕ್ಟರ್ ಪರೀಕ್ಷೆ, ಡೀಸೆಲ್ ಪಂಪಿನ ಒಳಗಿನ ಕೆಲಸ ಕೂಡ ಯಂತ್ರ ಇರುವ ಕಡೆಗೇ ಹೋಗಲಿ.

ನಿಮ್ಮಲ್ಲಿ ಒಂದು ವಿನಂತಿ. ವಾಹನ ಪುಟದಲ್ಲಿ ತಿಂಗಳಿಗೊಮ್ಮೆಯಾದರೂ ಹಳೆಯ ವಾಹನದ ಒಂದು ಕೆಲಸವನ್ನು ಆರಿಸಿಕೊಂಡು, ಅನುಭವಿ ಮೆಕ್ಯಾನಿಕ್‌ಗಳಿಂದ ಬರೆಸಿ. ಬರೆಯುವವರು ಟಾರ್ಕ್ ಎಷ್ಟು, ಸವೆತದ ಮಿತಿ ಎಷ್ಟು, ಎಣ್ಣೆಯ ದರ್ಜೆ ಯಾವುದು ಎಂಬ ಅಂಕಿಗಳನ್ನು ಬಿಡದೆ ಕೊಡುವಂತೆ ನೋಡಿಕೊಳ್ಳಿ. ‘ಚೆನ್ನಾಗಿ ಬಿಗಿ ಮಾಡಿ’ ಎಂಬ ಸಲಹೆ ನಂಬಿ ಸ್ಟಡ್ ಮುರಿದುಕೊಳ್ಳುವವರು ಬಹಳ ಮಂದಿ.

ಇತಿ,
ನಿಮ್ಮ ಪತ್ರಿಕೆಯ ಓದುಗ